ಬೀಗ ಹಾಕಿದ ಮೇಲೂ ಗಿಟಾರಿನ ಶ್ರುತಿ ಏಕೆ ಜಾರುತ್ತದೆ?

ಫ್ಲಾಯ್ಡ್ ರೋಸ್ ಎಂಬ ಬ್ರಿಡ್ಜ್, ಅಂದರೆ ಗಿಟಾರಿನ ಮೈಮೇಲೆ ತಂತಿಗಳ ತುದಿಯನ್ನು ಹಿಡಿಯುವ ಲೋಹದ ಭಾಗ, ಇರುವ ಎಲೆಕ್ಟ್ರಿಕ್ ಗಿಟಾರಿಗೆ ಮೊದಲ ಸಲ ತಾವೇ ತಂತಿ ಹಾಕಿದವರೆಲ್ಲರಿಗೂ ಆ ಸಂಜೆ ಮರೆಯುವುದಿಲ್ಲ. ಆರನೆಯ, ಅಂದರೆ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಇ ಸ್ವರಕ್ಕೆ ತಂದು, ಐದನೆಯದನ್ನು ಎಗೆ, ನಾಲ್ಕನೆಯದನ್ನು ಡಿಗೆ ಕೂಡಿಸಿ, ಹೀಗೆ ಒಂದನೆಯ ತಂತಿಯವರೆಗೆ ಬಂದು, ಖಾತರಿಗೆಂದು ಮತ್ತೆ ಆರನೆಯದನ್ನು ಮೀಟಿದರೆ ಅದು ಎಲ್ಲಿಗೋ ಇಳಿದುಹೋಗಿರುತ್ತದೆ. ಅದನ್ನು ಏರಿಸಿದರೆ ಉಳಿದ ಐದೂ ಇಳಿಯುತ್ತವೆ. ಅವುಗಳ ಬೆನ್ನು ಹತ್ತಿದರೆ ಇದು ಮತ್ತೆ ಇಳಿಯುತ್ತದೆ. ಎರಡು ಗಂಟೆ ಈ ಆಟವಾಡಿದ ಮೇಲೆ ಬ್ರಿಡ್ಜೇ ಕೆಟ್ಟದ್ದೆಂಬ ತೀರ್ಮಾನಕ್ಕೆ ಬಂದು ಗಿಟಾರನ್ನು ಮೂಲೆಗಿಟ್ಟವರು ಅನೇಕರಿದ್ದಾರೆ, ಅವರಲ್ಲಿ ನಾನೂ ಒಬ್ಬ. ವಿಚಿತ್ರವೆಂದರೆ ಈ ಬ್ರಿಡ್ಜ್ ಹುಟ್ಟಿದ್ದೇ ಶ್ರುತಿ ಕದಲದೆ ನಿಲ್ಲಲಿ ಎಂಬ ಉದ್ದೇಶದಿಂದ, ಮತ್ತು ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಗೊಂದಲಕ್ಕೆ ಕಾರಣ ಈ ಬಗೆಯ ಬ್ರಿಡ್ಜಿಗಿರುವ 'ಲಾಕಿಂಗ್' ಎಂಬ ಹೆಸರಿನಲ್ಲಿದೆ. ಬೀಗ ಹಾಕಿದೆ ಎಂದ ಮೇಲೆ ಎಲ್ಲವೂ ಅಲುಗಾಡದೆ ನಿಂತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಈ ಬೀಗ ತಡೆಯುವುದು ತಂತಿ ಜಾರುವುದನ್ನು ಮಾತ್ರ. ಬ್ರಿಡ್ಜ್ ತಾನಾಗಿ ಎಲ್ಲಿಯೂ ಬಿಗಿಯಾಗಿ ಕೂತಿಲ್ಲ. ಅದು ಒಂದು ಕಡೆ ಆರು ತಂತಿಗಳು, ಇನ್ನೊಂದು ಕಡೆ ಕೆಲವು ಸ್ಪ್ರಿಂಗ್‌ಗಳು ಎಳೆಯುತ್ತಿರುವ ತಕ್ಕಡಿ. ಶ್ರುತಿ ತಪ್ಪಿದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಒಂದೇ: ಏನಾದರೂ ಜಾರಿತೇ, ಅಥವಾ ತಕ್ಕಡಿ ವಾಲಿತೇ? ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅಭ್ಯಾಸವಾದರೆ ಉಳಿದದ್ದು ಅಲೆನ್ ಕೀ ಎಂಬ ಆರು ಮೂಲೆಯ ಕೀಲಿಯನ್ನು ತಿರುಗಿಸುವ ಕೆಲಸ.

ಮೊದಲು ಜಾರುವ ವಿಷಯ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರಿನಲ್ಲಿ ಬ್ರಿಡ್ಜಿಗೆ ಒಂದು ಬಾರ್ ಇತ್ತು. ಅದನ್ನು ಒತ್ತಿದರೆ ತಂತಿಗಳೆಲ್ಲ ಸಡಿಲಗೊಂಡು ಸ್ವರ ಇಳಿಯುತ್ತಿತ್ತು, ಬಿಟ್ಟರೆ ಮೇಲೇರುತ್ತಿತ್ತು. ಇದಕ್ಕೆ ಟ್ರೆಮೊಲೊ ಎಂಬ ಹೆಸರು ಅಂಟಿಕೊಂಡಿರುವುದು ತಪ್ಪಾಗಿ. ಟ್ರೆಮೊಲೊ ಎಂದರೆ ನಾದದ ಗಟ್ಟಿತನ ಏರಿಳಿಯುವುದು, ಇಲ್ಲಿ ಏರಿಳಿಯುವುದು ಸ್ವರಸ್ಥಾನ; ಅದಕ್ಕೆ ಸರಿಯಾದ ಮಾತು ವೈಬ್ರಾಟೊ. ಆದರೂ ಎಪ್ಪತ್ತು ವರ್ಷದ ರೂಢಿಯನ್ನು ಈಗ ತಿದ್ದಲಾಗದು. ಬಾರನ್ನು ಹಗುರವಾಗಿ ಅಲುಗಿಸುವವರಿಗೆ ಆ ಬ್ರಿಡ್ಜ್ ಸಾಕಾಗಿತ್ತು. ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನಂಥವರು ಬಾರನ್ನು ಗಿಟಾರಿನ ಮೈಗೆ ತಾಗುವಷ್ಟು ಒತ್ತಲು ತೊಡಗಿದಾಗ ತೊಂದರೆ ಕಾಣಿಸಿಕೊಂಡಿತು. ಬಾರ್ ಒತ್ತಿದಾಗ ಸಡಿಲಾಗುವ ತಂತಿ, ಕುತ್ತಿಗೆಯ ತುದಿಯಲ್ಲಿರುವ ನಟ್ ಎಂಬ ಪಟ್ಟಿಯ ಕೊರಕಲಿನೊಳಗೆ ಚೂರು ಸರಿಯುತ್ತದೆ, ಬಿರಡೆಗೆ ಸುತ್ತಿದ ಸುರುಳಿಗಳು ಚೂರು ಅದಲುಬದಲಾಗುತ್ತವೆ, ಮತ್ತು ಬಾರ್ ಬಿಟ್ಟ ಮೇಲೆ ಇವು ಯಾವುವೂ ಮೊದಲಿದ್ದ ಜಾಗಕ್ಕೆ ಕರಾರುವಾಕ್ಕಾಗಿ ಮರಳುವುದಿಲ್ಲ.

ಆಭರಣ ತಯಾರಿಕೆಯ ಕಸುಬು ಗೊತ್ತಿದ್ದ ಅಮೆರಿಕದ ಗಿಟಾರ್ ವಾದಕ ಫ್ಲಾಯ್ಡ್ ರೋಸ್ 1970ರ ದಶಕದ ಉತ್ತರಾರ್ಧದಲ್ಲಿ ಇದಕ್ಕೆ ಹುಡುಕಿದ ಉಪಾಯ ಸರಳವಾದದ್ದು: ತಂತಿ ಸರಿಯುವ ಜಾಗವನ್ನೇ ಇಲ್ಲವಾಗಿಸುವುದು. ನಟ್‌ನ ಮೇಲೆ ತಂತಿಯನ್ನು ಉಕ್ಕಿನ ಬಿಲ್ಲೆಗಳಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡಾದ ಸ್ಯಾಡಲ್‌ನೊಳಗೆ ಪುಟ್ಟ ಇಕ್ಕಳದಂಥ ಹಿಡಿತದಲ್ಲಿ ಸಿಕ್ಕಿಸಿದರೆ, ಬಿರಡೆ ಮತ್ತು ಸುರುಳಿಗಳು ಲೆಕ್ಕದಿಂದಲೇ ಹೊರಗುಳಿಯುತ್ತವೆ. 1979ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಮೊದಲ ವಿನ್ಯಾಸದಲ್ಲಿ ನಟ್ ಬಿಗಿದ ಮೇಲೆ ಶ್ರುತಿ ತಿದ್ದಲು ದಾರಿಯೇ ಇರಲಿಲ್ಲ. ಬ್ರಿಡ್ಜಿನ ಹಿಂಭಾಗದಲ್ಲಿ ಬೆರಳಿನಿಂದ ತಿರುಗಿಸುವ ಆರು ಫೈನ್ ಟ್ಯೂನರ್‌ಗಳು ಸೇರಿದ್ದು 1980ರ ದಶಕದ ಆರಂಭದಲ್ಲಿ. ಗಿಟಾರ್ ವಾದಕ ಎಡ್ಡಿ ವಾನ್ ಹೇಲೆನ್ ಇದನ್ನು ಬಳಸಿದ ಮೇಲೆ ಆ ದಶಕದ ರಾಕ್ ಸಂಗೀತದಲ್ಲಿ ಇದು ಮನೆಮಾತಾಯಿತು.

ತಕ್ಕಡಿಯ ಎರಡು ತಟ್ಟೆಗಳು

ಈಗ ವಾಲುವ ವಿಷಯಕ್ಕೆ ಬರೋಣ. ಗಿಟಾರಿನ ಬೆನ್ನಿನ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಬ್ರಿಡ್ಜಿನ ತಗಡಿನ ಕೆಳಗೆ ಲೋಹದ ಒಂದು ದಿಂಡು ನೇತಾಡುತ್ತಿರುತ್ತದೆ. ಅದರ ಬುಡಕ್ಕೆ ಮೂರರಿಂದ ಐದು ಸ್ಪ್ರಿಂಗ್‌ಗಳು ಸಿಕ್ಕಿಕೊಂಡಿರುತ್ತವೆ, ಸ್ಪ್ರಿಂಗ್‌ಗಳ ಇನ್ನೊಂದು ತುದಿ ಕ್ಲಾ ಎಂದು ಕರೆಯುವ ಪಂಜದಾಕಾರದ ಪಟ್ಟಿಗೆ ಕೊಂಡಿ ಹಾಕಿರುತ್ತದೆ, ಆ ಪಟ್ಟಿಯನ್ನು ಎರಡು ಉದ್ದನೆಯ ಸ್ಕ್ರೂಗಳು ಮರಕ್ಕೆ ಹಿಡಿದಿರುತ್ತವೆ. ಮುಂಭಾಗದಲ್ಲಿ ಬ್ರಿಡ್ಜಿನ ತಗಡು ಎರಡು ಉಕ್ಕಿನ ಪೋಸ್ಟ್‌ಗಳ ಕೊರಕಲಿಗೆ ತನ್ನ ಎರಡು ಕತ್ತಿಯಂಚುಗಳನ್ನು ಒತ್ತಿಕೊಂಡು ನಿಂತಿರುತ್ತದೆ. ಆ ಅಂಚುಗಳೇ ತಕ್ಕಡಿಯ ಮುಳ್ಳು. ತಂತಿಗಳು ಬ್ರಿಡ್ಜನ್ನು ಮುಂದಕ್ಕೆ, ಕುತ್ತಿಗೆಯ ಕಡೆಗೆ ಬಾಗಿಸಲು ಎಳೆಯುತ್ತವೆ; ದಿಂಡಿನ ಬುಡವನ್ನು ಎಳೆಯುವ ಸ್ಪ್ರಿಂಗ್‌ಗಳು ಅದನ್ನು ಹಿಂದಕ್ಕೆ ವಾಲಿಸುತ್ತವೆ. ಎರಡೂ ಸಮವಾದ ಕಡೆ ಬ್ರಿಡ್ಜ್ ನಿಲ್ಲುತ್ತದೆ.

ಈ ಎಳೆತ ಸಣ್ಣದಲ್ಲ. ನಟ್‌ನಿಂದ ಬ್ರಿಡ್ಜಿಗೆ 648 ಮಿಲಿಮೀಟರ್ ಇರುವ ಗಿಟಾರಿಗೆ 9ರಿಂದ 42ರವರೆಗಿನ (ತಂತಿಯ ದಪ್ಪ, ಇಂಚಿನ ಸಾವಿರದೊಂದು ಭಾಗದ ಲೆಕ್ಕದಲ್ಲಿ) ತೆಳು ತಂತಿಗಳ ಸೆಟ್ ಹಾಕಿ ರೂಢಿಯ ಶ್ರುತಿಗೆ ತಂದರೆ ಆರೂ ತಂತಿಗಳು ಸೇರಿ ಸುಮಾರು 38 ಕಿಲೋ ತೂಕದಷ್ಟು ಎಳೆಯುತ್ತವೆ. 10ರಿಂದ 46ರ ಸೆಟ್ ಹಾಕಿದರೆ ಸುಮಾರು 46 ಕಿಲೋ. ಸ್ಪ್ರಿಂಗ್‌ಗಳು ಕೊಂಡಿ ಹಾಕಿರುವ ಜಾಗ ಕತ್ತಿಯಂಚಿನಿಂದ ತಂತಿಗಳಿಗಿಂತ ಹೆಚ್ಚು ದೂರದಲ್ಲಿರುವುದರಿಂದ ಅವು ಅಷ್ಟೇ ಕಿಲೋ ಎಳೆಯಬೇಕಾಗಿಲ್ಲ, ಏತದ ಉದ್ದನೆಯ ತುದಿಯಲ್ಲಿ ನಿಂತವನಿಗೆ ಭಾರ ಹಗುರವಾಗುವ ಹಾಗೆ. ಆದರೆ ಎಂಟು ಕಿಲೋ ವ್ಯತ್ಯಾಸವನ್ನು ಗಮನಿಸಿ. ತೆಳು ತಂತಿ ತೆಗೆದು ದಪ್ಪದ್ದನ್ನು ಹಾಕಿ ಸ್ಪ್ರಿಂಗ್ ಮುಟ್ಟದೆ ಬಿಟ್ಟರೆ ಬ್ರಿಡ್ಜ್ ಬಾಲ ಎತ್ತಿ ಮುಂದಕ್ಕೆ ಮುಗ್ಗರಿಸಿ ನಿಲ್ಲುವುದು ಈ ಕಾರಣದಿಂದಲೇ.

ಮೊದಲು ಹೇಳಿದ ಸಂಜೆಯ ಒಗಟೂ ಇಲ್ಲಿ ಬಿಡಿಸಿಕೊಳ್ಳುತ್ತದೆ. ಬ್ರಿಡ್ಜ್ ಕದಲದ ಗಿಟಾರಿನಲ್ಲಿ ಒಂದು ತಂತಿಯನ್ನು ಬಿಗಿದರೆ ಆ ಬಿಗಿತ ಅದರದೇ ಸ್ವಂತದ್ದು. ಹೀಗೆ ತಕ್ಕಡಿಯಂತೆ ತೇಲುವ ಬ್ರಿಡ್ಜಿನಲ್ಲಿ ಒಂದು ತಂತಿಯನ್ನು ಬಿಗಿದಾಗ ಬ್ರಿಡ್ಜ್ ಮುಂದಕ್ಕೆ ಬಾಗುತ್ತದೆ. ಸ್ಪ್ರಿಂಗ್‌ಗಳು ಸ್ವಲ್ಪ ಹಿಗ್ಗಿ ಒಂದು ಪಾಲನ್ನು ಹೊರುತ್ತವೆ, ಉಳಿದದ್ದನ್ನು ಮಿಕ್ಕ ಐದು ತಂತಿಗಳು ತಮ್ಮ ಬಿಗಿತವನ್ನು ಬಿಟ್ಟುಕೊಟ್ಟು ಸರಿದೂಗಿಸುತ್ತವೆ. ಅವಿಭಕ್ತ ಕುಟುಂಬದ ಲೆಕ್ಕ ಇದ್ದ ಹಾಗೆ: ಒಬ್ಬರ ಖರ್ಚು ಏರಿದರೆ ಎಲ್ಲರ ತಟ್ಟೆಯಲ್ಲೂ ಒಂದಿಷ್ಟು ಕಡಿಮೆಯಾಗುತ್ತದೆ. ಬಿರಡೆಗಳಿಂದ ನಾವು ಹೆಚ್ಚಾಗಿ ಮಾಡುತ್ತಿರುವುದು ಹಂಚಿಕೆ. ಒಟ್ಟು ಎಷ್ಟಿರಬೇಕೆಂದು ನಿರ್ಧರಿಸುವುದು ಬೆನ್ನಿನಲ್ಲಿರುವ ಆ ಎರಡು ಸ್ಕ್ರೂಗಳು. ಸ್ಕ್ರೂಗಳನ್ನು ಮುಟ್ಟದೆ ಬಿರಡೆಗಳೊಂದಿಗೆ ಗುದ್ದಾಡುವವರು ಆಯವ್ಯಯವನ್ನು ನಿಗದಿಪಡಿಸದೆ ಹಂಚಿಕೆಗೆ ಕೂತವರಂತೆ ಸುತ್ತು ಹೊಡೆಯುತ್ತಿರುತ್ತಾರೆ.

ಬ್ರಿಡ್ಜಿನ ತಗಡು ಗಿಟಾರಿನ ಮೈಗೆ ಸಮಾನಾಂತರವಾಗಿ ನಿಂತಿದ್ದರೆ ತಕ್ಕಡಿ ಸರಿಯಿದೆ ಎಂದರ್ಥ. ಪಕ್ಕದಿಂದ, ಕಣ್ಣನ್ನು ಮೈಯ ಮಟ್ಟಕ್ಕೆ ತಂದು ನೋಡಬೇಕು. ಶ್ರುತಿ ಸರಿಯಿದ್ದಾಗಲೂ ಬ್ರಿಡ್ಜಿನ ಬಾಲ ಎದ್ದಿದ್ದರೆ ಸ್ಪ್ರಿಂಗ್ ಸಾಲದು, ಸ್ಕ್ರೂಗಳನ್ನು ಒಳಕ್ಕೆ ತಿರುಗಿಸಬೇಕು. ಬಾಲ ಮೈಯೊಳಗೆ ಮುಳುಗಿದ್ದರೆ ಸ್ಪ್ರಿಂಗ್ ಹೆಚ್ಚಾಗಿದೆ, ಹೊರಕ್ಕೆ ತಿರುಗಿಸಬೇಕು. ಒಂದು ಸಲಕ್ಕೆ ಅರ್ಧ ಸುತ್ತು ಸಾಕು, ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿಯೇ ನೋಡಬೇಕು. ಸ್ಕ್ರೂ ಒಳಕ್ಕೆ ಹೋಗುವ ಮುನ್ನ ತಂತಿಗಳನ್ನು ತುಸು ಸಡಿಲಿಸಿದರೆ ಮರದ ತೂತಿಗೂ ಸ್ಕ್ರೂವಿನ ತಲೆಗೂ ಆಯಾಸ ಕಡಿಮೆ.

ಇದನ್ನು ಇನ್ನೂ ಬೇಗ ಮುಗಿಸುವ ಒಂದು ಹಳೆಯ ಉಪಾಯವಿದೆ, ನಾನು ಈಗ ಬಳಸುವುದು ಅದನ್ನೇ. ಸ್ಕ್ರೂಗಳನ್ನು ಬೇಕೆಂದೇ ಸ್ವಲ್ಪ ಸಡಿಲಿಸಿ, ಬೆನ್ನಿನ ಗೂಡಿನಲ್ಲಿ ಲೋಹದ ದಿಂಡಿಗೂ ಅದರ ಹಿಂದಿನ, ಅಂದರೆ ಗಿಟಾರಿನ ಬುಡದ ಕಡೆಯ ಮರದ ಗೋಡೆಗೂ ನಡುವೆ ಒಂದು ಬೆಣೆ ಇಡಬೇಕು. ಐಸ್‌ಕ್ಯಾಂಡಿ ಕಡ್ಡಿಗಳೋ ಅವಧಿ ಮುಗಿದ ಎಟಿಎಂ ಕಾರ್ಡಿನ ತುಂಡುಗಳೋ ಸಾಕು; ತಗಡು ಸಮಾನಾಂತರವಾಗಿ ನಿಲ್ಲುವಷ್ಟು ದಪ್ಪ ಬರುವವರೆಗೆ ಒಂದರ ಮೇಲೊಂದು ಜೋಡಿಸಬೇಕು. ಈಗ ತಂತಿಗಳ ಎಳೆತಕ್ಕೆ ದಿಂಡು ಬೆಣೆಗೆ ಒರಗಿ ನಿಲ್ಲುವುದರಿಂದ ಬ್ರಿಡ್ಜ್ ಕದಲುವುದಿಲ್ಲ, ಯಾವುದೇ ಸಾಮಾನ್ಯ ಗಿಟಾರಿನಂತೆ ಆರೂ ತಂತಿಗಳನ್ನು ಒಂದೇ ಸುತ್ತಿನಲ್ಲಿ ಶ್ರುತಿ ಮಾಡಬಹುದು. ಆ ಬಳಿಕ ಬಿರಡೆಗಳನ್ನು ಮುಟ್ಟದೆ ಕ್ಲಾದ ಸ್ಕ್ರೂಗಳನ್ನು ಕಾಲು ಕಾಲು ಸುತ್ತಿನಂತೆ ಬಿಗಿಯುತ್ತ ಹೋದರೆ, ಒಂದು ಹಂತದಲ್ಲಿ ಬೆಣೆಯ ಮೇಲಿನ ಒತ್ತಡ ಸಡಿಲಾಗಿ ಅದು ಬೆರಳಿಗೆ ಸುಲಭವಾಗಿ ಬರುತ್ತದೆ. ಆ ಕ್ಷಣದಲ್ಲಿ ಸ್ಪ್ರಿಂಗ್‌ಗಳು ತಂತಿಗಳ ಭಾರವನ್ನು ಪೂರ್ತಿ ಹೊತ್ತಿವೆ. ಬೆಣೆ ತೆಗೆದು ಮೀಟಿದಾಗ ಶ್ರುತಿ ಹೆಚ್ಚುಕಡಿಮೆ ಇದ್ದಲ್ಲೇ ಇರುವುದನ್ನು ಕಂಡು ನಾನು ಮೊದಲ ಸಲ ನಂಬಲಾರದೆ ಸ್ವರ ಅಳೆಯುವ ಟ್ಯೂನರ್ ಯಂತ್ರವನ್ನೇ ಅನುಮಾನಿಸಿದ್ದೆ.

ಬೆಣೆಯ ಗೋಜಿಲ್ಲದೆ ಮಾಡುವವರು ಸುತ್ತುಗಳನ್ನು ನಂಬಬೇಕು. ಪ್ರತಿ ಸುತ್ತಿನಲ್ಲೂ ತಪ್ಪು ಚಿಕ್ಕದಾಗುತ್ತ ಹೋಗುತ್ತದೆ, ನಾಲ್ಕೈದು ಸುತ್ತಿನಲ್ಲಿ ಎಲ್ಲವೂ ಕೂಡಿಕೊಳ್ಳುತ್ತದೆ. ಮೊದಲ ಸುತ್ತಿನಲ್ಲೇ ಒಂದು ತಂತಿಯನ್ನು ಕೂದಲೆಳೆಯಷ್ಟು ನಿಖರ ಮಾಡಲು ಹೋಗುವುದು ವ್ಯರ್ಥ. ತಂತಿ ಬದಲಿಸುವಾಗ ಒಂದೊಂದಾಗಿಯೇ ಬದಲಿಸುವುದು, ಅಥವಾ ಎಲ್ಲವನ್ನೂ ತೆಗೆಯಲೇಬೇಕಿದ್ದರೆ ಬ್ರಿಡ್ಜಿನ ಬಾಲದ ಕೆಳಗೆ ಮಡಿಸಿದ ಬಟ್ಟೆಯಿಟ್ಟು ಅದು ಮುಳುಗದಂತೆ ನೋಡಿಕೊಳ್ಳುವುದು ಒಳ್ಳೆಯದು.

ಬೀಗ ಹಾಕುವ ಕ್ರಮ

ಸ್ಯಾಡಲ್‌ನಲ್ಲಿ ಸಿಕ್ಕಿಸುವ ಮುನ್ನ ತಂತಿಯ ತುದಿಯಲ್ಲಿರುವ ಹಿತ್ತಾಳೆಯ ಗುಂಡನ್ನು ಕತ್ತರಿಸಿ ತೆಗೆಯಬೇಕು. ಗುಂಡಿನ ಪಕ್ಕದ ಹುರಿಗೊಂಡ ಭಾಗವೂ ಹೋಗಬೇಕು, ಏಕೆಂದರೆ ಹುರಿಯನ್ನು ಹಿಡಿದ ಇಕ್ಕಳ ನಿಧಾನವಾಗಿ ಸಡಿಲಾಗುತ್ತದೆ. ಕತ್ತರಿಸಿದ ನೇರ ತುದಿಯನ್ನು ಸ್ಯಾಡಲ್‌ನೊಳಗಿನ ಉಕ್ಕಿನ ತುಂಡಿಗೂ ಗೋಡೆಗೂ ನಡುವೆ ಪೂರ್ತಿ ಕೆಳಗಿಳಿಸಿ, ಬ್ರಿಡ್ಜಿನ ಹಿಂದಿನ ಉದ್ದನೆಯ ಸ್ಕ್ರೂವನ್ನು ಬಿಗಿಯಬೇಕು. ಹೊಸ ತಂತಿಯನ್ನು ಶ್ರುತಿಗೆ ತಂದ ಮೇಲೆ ಕೈಯಿಂದ ಹನ್ನೆರಡನೆಯ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲಿನ) ಬಳಿ ಮೇಲಕ್ಕೆತ್ತಿ ಎಳೆದು ಮತ್ತೆ ಶ್ರುತಿ ಮಾಡುವುದನ್ನು, ಸ್ವರ ಇಳಿಯುವುದು ನಿಲ್ಲುವವರೆಗೆ ಮುಂದುವರಿಸಬೇಕು. ಉಕ್ಕು ಹಿಗ್ಗುತ್ತದೆ ಎಂದು ಇದಕ್ಕೆ ಕಾರಣ ಹೇಳುವುದುಂಟು. ಬಹುಮಟ್ಟಿಗೆ ಆಗುವುದು ಬಿರಡೆಯ ಸುರುಳಿ ಬಿಗಿಯಾಗುವುದು ಮತ್ತು ಸ್ಯಾಡಲ್‌ನ ಬಳಿಯ ಬಾಗು ತನ್ನ ಆಕಾರಕ್ಕೆ ಕೂರುವುದು. ಕಾರಣ ಯಾವುದಾದರೂ ಇದು ಬೀಗ ಹಾಕುವ ಮುನ್ನ ಮುಗಿಯಬೇಕು.

ಅದಾದ ಮೇಲೆ ಫೈನ್ ಟ್ಯೂನರ್‌ಗಳು. ಅವುಗಳ ಓಟ ಬಹಳ ಚಿಕ್ಕದು. ಪೂರ್ತಿ ಒಳಗೆ ಹೋಗಿರುವ ಟ್ಯೂನರಿನಿಂದ ಇನ್ನಷ್ಟು ಏರಿಸಲಾಗದು, ಪೂರ್ತಿ ಹೊರಬಂದಿರುವುದರಿಂದ ಇಳಿಸಲಾಗದು. ಆದ್ದರಿಂದ ಆರನ್ನೂ ನಡುಮಟ್ಟದಲ್ಲಿಟ್ಟು, ಬಿರಡೆಗಳಿಂದ ಶ್ರುತಿ ಮಾಡಿ, ನಂತರ ನಟ್ ಬಿಗಿಯಬೇಕು. ಇದನ್ನು ಮರೆತವರು ಹಾಡಿನ ನಡುವೆ ಅಲೆನ್ ಕೀ ಹುಡುಕುತ್ತಾರೆ.

ನಟ್ ಬಿಗಿದ ಕೂಡಲೇ ಶ್ರುತಿ ಏರಿಬಿಡುವುದು ಹಲವರ ದೂರು. ಇದಕ್ಕೆ ಕಾರಣ ಸಾಮಾನ್ಯವಾಗಿ ನಟ್‌ನ ಹಿಂದೆ, ಬಿರಡೆಗಳ ಕಡೆ ಇರುವ ಸಣ್ಣ ಅಡ್ಡಪಟ್ಟಿ. ನಟ್‌ನ ಮೇಲ್ಮೈ ಹಿಂದಕ್ಕೆ ಇಳಿಜಾರಾಗಿದೆ, ತಂತಿ ಆ ಇಳಿಜಾರಿನ ಮೇಲೆ ಪೂರ್ತಿ ಮಲಗಿರಬೇಕು. ಅಡ್ಡಪಟ್ಟಿ ಎತ್ತರದಲ್ಲಿದ್ದರೆ ತಂತಿ ನಟ್‌ನ ಮುಂದಿನ ಅಂಚನ್ನು ಮಾತ್ರ ಮುಟ್ಟಿ ಹಿಂದೆ ಗಾಳಿಯಲ್ಲಿರುತ್ತದೆ. ಬಿಲ್ಲೆ ಅದನ್ನು ಕೆಳಕ್ಕೆ ಒತ್ತಿದಾಗ ತಂತಿ ಎಳೆದುಕೊಂಡು ಸ್ವರ ಏರುತ್ತದೆ. ಪಟ್ಟಿಯ ಎರಡು ಸ್ಕ್ರೂಗಳನ್ನು ಇಳಿಸಿ, ತಂತಿ ಮತ್ತು ಇಳಿಜಾರಿನ ನಡುವೆ ಬೆಳಕು ಕಾಣದಂತಾದರೆ ಈ ಏರಿಕೆ ಫೈನ್ ಟ್ಯೂನರಿಗೆ ನಿಲುಕುವಷ್ಟು ಚಿಕ್ಕದಾಗುತ್ತದೆ.

ಎಷ್ಟು ಬಿಗಿಯಬೇಕು ಎಂಬುದರ ಬಗ್ಗೆ ಒಂದು ಮಾತು, ಕೈ ಸುಟ್ಟುಕೊಂಡವನಾಗಿ. ಮೂಲ ಫ್ಲಾಯ್ಡ್ ರೋಸ್‌ನ ನಟ್ ಸ್ಕ್ರೂಗಳಿಗೆ ಬೇಕಾದದ್ದು 3 ಮಿಲಿಮೀಟರಿನ ಅಲೆನ್ ಕೀ. ಮನೆಯ ಡಬ್ಬದಲ್ಲಿದ್ದ ಇಂಚಿನ ಅಳತೆಯ ಸೆಟ್‌ನಿಂದ, ನೋಡಲು ಹೊಂದುವಂತಿದ್ದ 7/64 ಇಂಚಿನದನ್ನು ತೆಗೆದುಕೊಂಡೆ. ಅದು ಸುಮಾರು 2.78 ಮಿಲಿಮೀಟರ್. ಒಳಗೆ ಹೋಯಿತು, ತಿರುಗಿತು, ಇನ್ನಷ್ಟು ಬಿಗಿಯಾಗಲಿ ಎಂದು ಒತ್ತಿ ತಿರುಗಿಸಿದಾಗ ಕಿರ್ ಎಂದು ಸ್ಕ್ರೂವಿನ ಆರು ಮೂಲೆಗಳೂ ಸವೆದು ದುಂಡಗಾದವು. ನಡುವಿನ ಬಿಲ್ಲೆ ಎರಡು ತಂತಿಗಳನ್ನು ಕಚ್ಚಿಕೊಂಡು ತಿಂಗಳುಗಟ್ಟಲೆ ಹಾಗೆಯೇ ಕೂತಿತ್ತು. ಸರಿಯಾದ ಅಳತೆಯ ಕೀಯ ಗಿಡ್ಡ ತೋಳನ್ನು ಸ್ಕ್ರೂವಿಗಿಟ್ಟು ಉದ್ದನೆಯ ತೋಳನ್ನು ಎರಡು ಬೆರಳಿನಿಂದ ತಿರುಗಿಸಿದಾಗ ಎಷ್ಟು ಬಿಗಿಯಾಗುವುದೋ ಅಷ್ಟೇ ಬಿಗಿ ಸಾಕು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ತೊಂದರೆ ಬೇರೆಲ್ಲೋ ಇದೆ.

ಏರಿತೋ ಇಳಿಯಿತೋ ಎಂಬುದೇ ಸುಳಿವು

ಎಲ್ಲವನ್ನೂ ಸರಿಯಾಗಿ ಹೊಂದಿಸಿದ ಮೇಲೂ ಶ್ರುತಿ ತಪ್ಪಿದರೆ ಹೆಚ್ಚಿನವರು ಕಂಡಕಂಡ ಸ್ಕ್ರೂಗಳನ್ನೆಲ್ಲ ಬಿಗಿಯುತ್ತಾರೆ. ಅದರ ಬದಲು ಐದು ನಿಮಿಷ ಕೂತು ಗಮನಿಸಿದರೆ ಗಿಟಾರ್ ತಾನೇ ರೋಗವನ್ನು ಹೇಳುತ್ತದೆ. ಟ್ಯೂನರ್ ಹಚ್ಚಿ ಆರೂ ತಂತಿಗಳನ್ನು ಶ್ರುತಿ ಮಾಡಿ. ಬಾರನ್ನು ತಂತಿಗಳು ಸಡಿಲಾಗುವವರೆಗೆ ಒತ್ತಿ, ನಿಧಾನವಾಗಿ ಬಿಟ್ಟು, ಪ್ರತಿ ತಂತಿಯ ಸ್ಥಿತಿಯನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಮತ್ತೆ ಶ್ರುತಿ ಮಾಡಿ, ಈ ಸಲ ಬಾರನ್ನು ಮೇಲಕ್ಕೆಳೆದು ಬಿಟ್ಟು ಅದೇ ರೀತಿ ಬರೆದುಕೊಳ್ಳಿ.

ಒತ್ತಿ ಬಿಟ್ಟ ಮೇಲೆ ಎಲ್ಲ ತಂತಿಗಳೂ ಸ್ವಲ್ಪ ಇಳಿದಿದ್ದು, ಮೇಲಕ್ಕೆಳೆದು ಬಿಟ್ಟ ಮೇಲೆ ಎಲ್ಲವೂ ಸ್ವಲ್ಪ ಏರಿದ್ದರೆ, ಬ್ರಿಡ್ಜ್ ತಾನು ಹೊರಟ ಜಾಗಕ್ಕೆ ಪೂರ್ತಿ ಮರಳುತ್ತಿಲ್ಲ. ಒತ್ತಿದಾಗ ಮುಂದಕ್ಕೆ ಬಾಗಿದ್ದು ಅಲ್ಲೇ ಸ್ವಲ್ಪ ಉಳಿಯುತ್ತದೆ, ಎಳೆದಾಗ ಹಿಂದಕ್ಕೆ ವಾಲಿದ್ದು ಅಲ್ಲೇ ಉಳಿಯುತ್ತದೆ. ತಕ್ಕಡಿಯ ಮುಳ್ಳಿನಲ್ಲಿ ಘರ್ಷಣೆ ಇದೆ ಎಂದರ್ಥ. ಕತ್ತಿಯಂಚು, ಪೋಸ್ಟ್, ಅಥವಾ ಪೋಸ್ಟ್ ಕೂತಿರುವ ಮರದ ತೂತು, ಈ ಮೂರನ್ನು ನೋಡಬೇಕು.

ಒತ್ತಿ ಬಿಟ್ಟ ಮೇಲೆ ಒಂದು ತಂತಿ ಮಾತ್ರ ಏರಿದ್ದರೆ ಕಥೆ ತಿರುಗುಮುರುಗು. ಬಾರ್ ಒತ್ತಿದಾಗ ನುಡಿಸುವ ಭಾಗದ ತಂತಿ ಸಡಿಲವಾಗಿದೆ, ಆದರೆ ನಟ್‌ನ ಆಚೆ, ಬಿರಡೆಯ ಕಡೆಯ ತುಂಡು ಇನ್ನೂ ಬಿಗಿಯಾಗಿಯೇ ಇದೆ. ಹಿಡಿತ ಸಡಿಲವಿದ್ದರೆ ಆ ಬಿಗಿ ತುಂಡು ತಂತಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬಾರ್ ಬಿಟ್ಟಾಗ ನುಡಿಸುವ ಭಾಗಕ್ಕೆ ತಂತಿ ಕಡಿಮೆಯಾಗಿ ಸ್ವರ ಏರುತ್ತದೆ. ಅದೇ ತಂತಿ ಬಾರನ್ನು ಮೇಲಕ್ಕೆಳೆದ ಮೇಲೆ ಇಳಿದರೆ ಅನುಮಾನವೇ ಬೇಡ, ಅದು ನಟ್‌ನ ಬಿಲ್ಲೆಯ ಅಡಿಯಲ್ಲಿ ಎರಡೂ ಕಡೆಗೆ ಓಡಾಡುತ್ತಿದೆ. ನಟ್‌ನಲ್ಲಿ ಮೂರೇ ಬಿಲ್ಲೆಗಳು, ಒಂದೊಂದು ಎರಡೆರಡು ತಂತಿಗಳನ್ನು ಹಿಡಿಯುತ್ತದೆ. ಆದ್ದರಿಂದ ಮೂರನೆಯ ಮತ್ತು ನಾಲ್ಕನೆಯ ತಂತಿಗಳು ಜೊತೆಯಾಗಿ ತಪ್ಪಿದರೆ ನಡುವಿನ ಬಿಲ್ಲೆಯನ್ನು ಬಿಚ್ಚಿ ಕೆಳಮೈಯನ್ನು ನೋಡಬೇಕು. ಹಳೆಯ ಬಿಲ್ಲೆಗಳಲ್ಲಿ ತಂತಿಯ ಅಚ್ಚು ಆಳವಾಗಿ ಕೂತು ಹಿಡಿತವೇ ಇಲ್ಲದಂತಾಗಿರುತ್ತದೆ.

ಯಾವ ಪರೀಕ್ಷೆಯಲ್ಲೂ ಒಂದು ತಂತಿ ಬರೇ ಇಳಿಯುತ್ತ ಹೋಗಿ, ಎಂದೂ ಏರದಿದ್ದರೆ ಅದು ಸ್ಯಾಡಲ್‌ನಲ್ಲಿ ಜಾರುತ್ತಿದೆ. ಸ್ಯಾಡಲ್‌ನ ಆಚೆ ತಂತಿಯೇ ಇಲ್ಲ, ಹಿಂದಕ್ಕೆ ಎಳೆಯುವವರಾರೂ ಇಲ್ಲದ್ದರಿಂದ ಅಲ್ಲಿಂದ ಜಾರುವ ತಂತಿಗೆ ಒಂದೇ ದಿಕ್ಕು. ಸ್ಯಾಡಲ್‌ನೊಳಗಿನ ಉಕ್ಕಿನ ತುಂಡು ಬಿರುಕು ಬಿಟ್ಟಿರಬಹುದು, ತಗ್ಗು ಬಿದ್ದಿರಬಹುದು, ಅಥವಾ ತಂತಿಯ ತುದಿ ಪೂರ್ತಿ ಕೆಳಗಿಳಿದಿರದೆ ಇರಬಹುದು. ಖಚಿತವಾಗಬೇಕಾದರೆ ನಟ್‌ನ ಅಂಚಿಗೆ ಸರಿಯಾಗಿ ತಂತಿಯ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ನಾಲ್ಕು ಸಲ ಬಾರ್ ಒತ್ತಿ ನೋಡಿ. ಚುಕ್ಕೆ ಇದ್ದಲ್ಲೇ ಇದ್ದು ಸ್ವರ ಇಳಿದಿದ್ದರೆ ನಟ್ ನಿರಪರಾಧಿ.

ಎಲ್ಲ ತಂತಿಗಳೂ ಒಟ್ಟಿಗೆ, ಯಾವ ಕ್ರಮವೂ ಇಲ್ಲದೆ ಹೆಚ್ಚುಕಡಿಮೆಯಾಗುತ್ತಿದ್ದರೆ ಇನ್ನೊಂದು ಸಾಧ್ಯತೆ ಉಳಿಯುತ್ತದೆ: ಇಡೀ ನಟ್ ಅಲುಗಾಡುತ್ತಿದೆ. ಅದನ್ನು ಕುತ್ತಿಗೆಗೆ ಹಿಡಿದಿರುವ ಎರಡು ಸ್ಕ್ರೂಗಳು ಬಿಲ್ಲೆಗಳ ಅಡಿಯಲ್ಲೋ ಕುತ್ತಿಗೆಯ ಬೆನ್ನಿನಲ್ಲೋ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ನೋಡಿದ ಒಂದು ಗಿಟಾರಿಗೆ ರಿಪೇರಿ ಅಂಗಡಿಯೊಂದರಲ್ಲಿ ಹೊಸ ಸ್ಪ್ರಿಂಗ್, ಹೊಸ ತಂತಿ ಎಲ್ಲ ಹಾಕಿಸಲಾಗಿತ್ತು. ನಟ್‌ನ ಆ ಎರಡು ಸ್ಕ್ರೂಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ, ಮುಕ್ಕಾಲು ಸುತ್ತು ಬಿಗಿದೊಡನೆ ಗಿಟಾರ್ ಸರಿಹೋಯಿತು.

ಕತ್ತಿಯಂಚಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿದೆ, ಏಕೆಂದರೆ ಬ್ರಿಡ್ಜ್ ನಿಜವಾಗಿ ಹಾಳಾಗುವುದು ಅಲ್ಲೇ. ನಲವತ್ತು ಕಿಲೋ ಸುಮಾರಿನ ಎಳೆತ ಎರಡು ತೆಳುವಾದ ಅಂಚುಗಳ ಮೇಲೆ ಸದಾ ಕೂತಿರುತ್ತದೆ. ಗಡಸು ಉಕ್ಕಿನಲ್ಲಿ ಮಾಡಿದ ಅಂಚು ವರ್ಷಗಟ್ಟಲೆ ಬಾಳುತ್ತದೆ; ಅಗ್ಗದ ಅನುಕರಣೆಗಳ ಮೆತ್ತನೆಯ ಲೋಹ ಬೇಗನೆ ಚಪ್ಪಟೆಯಾಗಿ, ಅಂಚು ಒಂದು ಗೆರೆಯ ಮೇಲೆ ತೂಗುವ ಬದಲು ಎರಡು ಮೂರು ಜಾಗದಲ್ಲಿ ಕೂರಲು ತೊಡಗುತ್ತದೆ. ಆಗ ಬ್ರಿಡ್ಜಿಗೆ ಮರಳಲು ಒಂದೇ ಮನೆ ಇರುವುದಿಲ್ಲ. ಒಳ್ಳೆಯ ಅಂಚನ್ನೂ ಹಾಳು ಮಾಡುವ ಒಂದು ಅಭ್ಯಾಸವಿದೆ: ತಂತಿಗಳು ಪೂರ್ತಿ ಬಿಗಿಯಾಗಿರುವಾಗಲೇ ಎತ್ತರ ಹೊಂದಿಸಲು ಪೋಸ್ಟ್‌ಗಳನ್ನು ತಿರುಗಿಸುವುದು. ಹಾಗೆ ಮಾಡಿದಾಗ ಪೋಸ್ಟಿನ ಕೊರಕಲು ಅಂಚನ್ನು ಅರದಂತೆ ಉಜ್ಜುತ್ತದೆ. ತಂತಿಗಳನ್ನು ಸಾಕಷ್ಟು ಸಡಿಲಿಸಿದ ಮೇಲೆಯೇ ಪೋಸ್ಟ್ ಮುಟ್ಟಬೇಕು. ಅಂಚು ಮತ್ತು ಪೋಸ್ಟ್ ಸೇರುವಲ್ಲಿ ಕಡ್ಡಿಯ ತುದಿಯಿಂದ ಒಂದು ಹನಿ ತೆಳು ಎಣ್ಣೆ ಸಾಕು. ಅಂಚು ಸವೆದಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ. ನುರಿತವರು ಅದನ್ನು ಮಸೆದು ಕೊಡಬಲ್ಲರು, ಆದರೆ ಅಗ್ಗದ ಬ್ರಿಡ್ಜಿಗೆ ಆ ಖರ್ಚು ತಕ್ಕುದಲ್ಲ, ಬದಲಾಯಿಸುವುದೇ ಲೇಸು.

ಹವೆಯ ವಿಷಯದಲ್ಲಿ ತೇಲುವ ಬ್ರಿಡ್ಜ್ ಜನ ಭಾವಿಸುವಷ್ಟು ಕೆಟ್ಟದ್ದಲ್ಲ. ಉಕ್ಕಿನ ತಂತಿ ಹತ್ತು ಡಿಗ್ರಿ ಬಿಸಿಯಾದರೆ 648 ಮಿಲಿಮೀಟರಿಗೆ ಸುಮಾರು 0.08 ಮಿಲಿಮೀಟರ್ ಹಿಗ್ಗಬಯಸುತ್ತದೆ. ಕದಲದ ಬ್ರಿಡ್ಜಿನಲ್ಲಿ ಅದು ನೇರವಾಗಿ ಸಡಿಲವಾಗಿ ಪರಿಣಮಿಸಿ ವೇದಿಕೆಯ ದೀಪಗಳ ಕೆಳಗೆ ಸ್ವರ ಇಳಿಯುತ್ತದೆ. ತೇಲುವ ಬ್ರಿಡ್ಜಿನಲ್ಲಿ ತಂತಿಗಳೆಲ್ಲ ಒಟ್ಟಿಗೆ ಸಡಿಲಾದಾಗ ಸ್ಪ್ರಿಂಗ್‌ಗಳು ಬ್ರಿಡ್ಜನ್ನು ತುಸು ಹಿಂದಕ್ಕೆಳೆದು ಆ ಸಡಿಲದ ಒಂದು ಭಾಗವನ್ನು ನುಂಗಿಕೊಳ್ಳುತ್ತವೆ. ಮಳೆಗಾಲದಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಗಿಟಾರ್ ಒಯ್ದು ನಾಲ್ಕು ದಿನ ಅಲ್ಲೇ ಇಟ್ಟಿದ್ದಾಗ ನನ್ನ ಅನುಭವವೂ ಹಾಗೆಯೇ ಇತ್ತು: ಸ್ವರ ಹೋದದ್ದು ಅಲ್ಪ, ಆದರೆ ತೇವಕ್ಕೆ ಕುತ್ತಿಗೆ ಬಾಗಿ ತಂತಿಗಳು ಫ್ರೆಟ್ಟಿಗೆ ತಾಗಿ ಗುಂಯ್‌ಗುಡತೊಡಗಿದ್ದವು. ಇಂಥಲ್ಲಿ ಬ್ರಿಡ್ಜನ್ನು ಮುಟ್ಟದೆ ಮೊದಲು ಕುತ್ತಿಗೆಯೊಳಗಿನ, ಅದರ ಬಾಗನ್ನು ಹೊಂದಿಸುವ ಟ್ರಸ್ ರಾಡ್ ಎಂಬ ಕಂಬಿಯನ್ನು ಸರಿಪಡಿಸಬೇಕು. ಕರಾವಳಿಯಲ್ಲಿ ನಿಜವಾದ ಶತ್ರು ತುಕ್ಕು. ಅದು ಸ್ಯಾಡಲ್ ಸ್ಕ್ರೂಗಳನ್ನು ಮೊದಲು ಹಿಡಿಯುತ್ತದೆ, ನುಡಿಸಿದ ಮೇಲೆ ಬೆವರು ಒರೆಸದವರ ಗಿಟಾರನ್ನು ಇನ್ನೂ ಬೇಗ.

ಸರಿಪಡಿಸಲಾಗದ್ದು

ಕೆಲವು ತೊಂದರೆಗಳು ದೋಷಗಳಲ್ಲ, ಈ ರಚನೆಯ ಸ್ವಭಾವ. ವೀಣೆಯಲ್ಲಿ ಗಮಕಕ್ಕಾಗಿ ಒಂದು ತಂತಿಯನ್ನು ಎಳೆದಾಗ ತಾಳದ ತಂತಿಗಳು ಕದಲುವುದಿಲ್ಲ, ಅದರ ಕುದುರೆ ಭದ್ರವಾಗಿ ಕೂತಿದೆ. ಇಲ್ಲಿ ಮೂರನೆಯ ತಂತಿಯನ್ನು ಒಂದು ಪೂರ್ಣ ಸ್ವರ ಬೆಂಡ್ ಮಾಡಬೇಕಾದರೆ, ಅಂದರೆ ಬೆರಳಿನಿಂದ ಪಕ್ಕಕ್ಕೆಳೆದು ಏರಿಸಬೇಕಾದರೆ, ಅದರ ಬಿಗಿತ ಕಾಲು ಪಾಲಿಗಿಂತ ತುಸು ಹೆಚ್ಚೇ ಏರಬೇಕು. ಬ್ರಿಡ್ಜ್ ಮುಂದಕ್ಕೆ ಬಾಗುವುದರಿಂದ, ಒಂದೆಡೆ ಬೆರಳು ಸಾಮಾನ್ಯ ಗಿಟಾರಿಗಿಂತ ಹೆಚ್ಚು ದೂರ ಎಳೆಯಬೇಕಾಗುತ್ತದೆ, ಇನ್ನೊಂದೆಡೆ ಪಕ್ಕದಲ್ಲಿ ನುಡಿಯುತ್ತಿರುವ ತಂತಿ ಇಳಿಯುತ್ತದೆ. ಒಂದನ್ನು ಬೆಂಡ್ ಮಾಡಿ ಇನ್ನೊಂದನ್ನು ಸ್ಥಿರವಾಗಿ ಹಿಡಿಯುವ ನುಡಿತಗಳಲ್ಲಿ ಇದು ಕಿವಿಗೆ ಚುಚ್ಚುತ್ತದೆ. ಸ್ಪ್ರಿಂಗ್‌ಗಳ ಸಂಖ್ಯೆ ಹೆಚ್ಚಿಸಿ ಕ್ಲಾ ಸಡಿಲಿಸಿದರೆ ಒಟ್ಟು ಎಳೆತ ಅಷ್ಟೇ ಉಳಿದು ಬ್ರಿಡ್ಜ್ ಗಡಸಾಗುತ್ತದೆ, ಇಳಿತ ಕಡಿಮೆಯಾಗುತ್ತದೆ. ಅದಕ್ಕೆ ಪ್ರತಿಯಾಗಿ ಬಾರ್ ಒತ್ತಲು ಬಲ ಹೆಚ್ಚು ಬೇಕು. ಅಂಗೈಯನ್ನು ಬ್ರಿಡ್ಜಿನ ಮೇಲೆ ಭಾರವಾಗಿ ಊರುವವರಿಗೆ ಸ್ವರ ಏರುವುದೂ ಇದೇ ಬಗೆಯದು, ಅದನ್ನು ಕೈಯಲ್ಲೇ ತಿದ್ದಿಕೊಳ್ಳಬೇಕು.

ದಪ್ಪ ಇ ತಂತಿಯನ್ನು ಡಿಗೆ ಇಳಿಸುವ ರೂಢಿ ಮೆಟಲ್ ಸಂಗೀತದವರಲ್ಲಿ ಬಹಳ. 9ರ ಸೆಟ್ಟಿನಲ್ಲಿ ಆ ಒಂದು ತಂತಿ ಸುಮಾರು 6.7 ಕಿಲೋ ಎಳೆಯುತ್ತದೆ. ಡಿಗೆ ಇಳಿಸಿದಾಗ ಅದರಲ್ಲಿ ಸುಮಾರು 1.4 ಕಿಲೋ ಹೋಗುತ್ತದೆ, ಬ್ರಿಡ್ಜ್ ಹಿಂದಕ್ಕೆ ವಾಲಿ ಉಳಿದ ಐದೂ ಏರುತ್ತವೆ. ಹಾಡುಗಳ ನಡುವೆ ಹೀಗೆ ಶ್ರುತಿ ಬದಲಿಸಬೇಕಾದವರು ದಿಂಡಿಗೂ ಗಿಟಾರಿನ ಕುತ್ತಿಗೆಯ ಕಡೆಯ ಗೋಡೆಗೂ ನಡುವೆ ಮರದ ತುಂಡೊಂದನ್ನು ಶಾಶ್ವತವಾಗಿ ಕೂರಿಸಿ, ಬ್ರಿಡ್ಜ್ ಹಿಂದಕ್ಕೆ ಹೋಗದಂತೆ ಮಾಡಿ, ಸ್ಪ್ರಿಂಗ್‌ಗಳನ್ನು ತುಸು ಹೆಚ್ಚಿಗೆ ಬಿಗಿದು ಆ ತುಂಡಿಗೆ ಒರಗಿಸಿಬಿಡುತ್ತಾರೆ. ಬಾರ್ ಕೆಳಕ್ಕೆ ಮಾತ್ರ ಹೋಗುತ್ತದೆ, ಮೇಲಕ್ಕೆಳೆಯುವ ಸೌಕರ್ಯ ಹೋಗುತ್ತದೆ, ಆದರೆ ಬೆಂಡ್ ಮಾಡಿದಾಗಿನ ಇಳಿತವೂ ಬಹುಮಟ್ಟಿಗೆ ಹೋಗುತ್ತದೆ. ಬಾರನ್ನು ಮೇಲಕ್ಕೆ ಎಂದೂ ಎಳೆಯದವರು ಇದನ್ನು ಮೊದಲ ದಿನವೇ ಮಾಡಿಸಿಕೊಳ್ಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ತೇಲುವ ಬ್ರಿಡ್ಜ್ ಇಟ್ಟುಕೊಂಡು ಅದನ್ನು ತೇಲಿಸಲೇಬೇಕೆಂಬ ನಿಯಮವೇನೂ ಇಲ್ಲ.

ತಂತಿ ಕಡಿದಾಗಿನ ತೊಂದರೆಗೂ ಈ ಮರದ ತುಂಡು ಪರಿಹಾರ. ಪೂರ್ತಿ ತೇಲುವ ಬ್ರಿಡ್ಜಿನಲ್ಲಿ ಒಂದು ತಂತಿ ಕಡಿದರೆ ಆರು ಏಳು ಕಿಲೋ ಎಳೆತ ಒಮ್ಮೆಲೇ ಮಾಯವಾಗಿ, ಸ್ಪ್ರಿಂಗ್‌ಗಳು ಬ್ರಿಡ್ಜನ್ನು ಹಿಂದಕ್ಕೆಳೆದು, ಉಳಿದ ಐದು ತಂತಿಗಳೂ ಬೇರೆ ಬೇರೆ ಪ್ರಮಾಣದಲ್ಲಿ ಏರಿ ಕೂರುತ್ತವೆ. ಆ ಹಾಡನ್ನು ಮುಗಿಸಲು ಯಾವ ಫೈನ್ ಟ್ಯೂನರೂ ನೆರವಾಗದು. ತೇಲಿಸಿಯೇ ನುಡಿಸುವವರು ವೇದಿಕೆಯ ಬದಿಯಲ್ಲಿ ಇನ್ನೊಂದು ಗಿಟಾರನ್ನು ಶ್ರುತಿ ಮಾಡಿ, ಅದರ ಹೆಗಲಪಟ್ಟಿಯನ್ನೂ ಸಿಕ್ಕಿಸಿ ನಿಲ್ಲಿಸಿರುತ್ತಾರೆ.